ಎಷ್ಟು ಗಂಟೆ ಬಾಳಿತು ಎಂಬುದನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರೇ,

ಬಿಸಿಲಿನಿಂದಲೇ ನೀರನ್ನು ವಿಭಜಿಸಿ ಜಲಜನಕ ಪಡೆಯುವ ಸಂಶೋಧನೆಗಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. ದಕ್ಷತೆ ಶೇಕಡಾ ಎಷ್ಟು ಎಂಬುದು ತಲೆಬರಹದಲ್ಲೇ ಇರುತ್ತದೆ. ಆ ಸಾಧನ ನೀರಿನೊಳಗೆ ಎಷ್ಟು ಗಂಟೆ ಬಾಳಿತು ಎಂಬುದು ಮಾತ್ರ ಹುಡುಕಿದರೂ ಸಿಗುವುದಿಲ್ಲ. ಮೂರು ದಶಕ ರಸಾಯನಶಾಸ್ತ್ರ ಬೋಧಿಸಿದ ನನಗೆ ಈ ಎರಡನೆಯ ಸಂಖ್ಯೆಯೇ ಮುಖ್ಯವೆನಿಸುತ್ತದೆ.

ಇಂಥ ಹಲವು ಸಾಧನಗಳಲ್ಲಿ ಬಿಸಿಲನ್ನು ಹೀರುವುದು ಸೋಲಾರ್ ಕೋಶಗಳಲ್ಲಿರುವ ಸಿಲಿಕಾನೇ. ಅದು ನೀರಿನಲ್ಲಿ ಏನಾಗುತ್ತದೆ ಎಂದು ತೋರಿಸಲು, ಒಡೆದ ಸೋಲಾರ್ ಕೋಶದ ಚೂರೊಂದರ ಹಿಂಬದಿಯ ಅಲ್ಯೂಮಿನಿಯಂ ಲೇಪವನ್ನು ಆಮ್ಲದಲ್ಲಿ ಕರಗಿಸಿ, ಉಳಿದ ಸಿಲಿಕಾನನ್ನು ಬಿಸಿ ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಹಾಕಿ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆ. ಮುರಿದ ಅಂಚಿನಿಂದ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತಿದ್ದವು. ಅದು ಜಲಜನಕವೇ ಹೌದು; ಆದರೆ ಸಿಲಿಕಾನ್ ಸಿಲಿಕೇಟ್ ಆಗಿ ಕರಗಿಹೋಗುವಾಗ ಬಂದ ಜಲಜನಕ. ಕ್ಷಾರವಿಲ್ಲದ ನೀರಿನಲ್ಲಾದರೆ ಅದರ ಮೈಮೇಲೆ ಆಕ್ಸೈಡ್ ಪದರ ಬೆಳೆದು ವಿದ್ಯುತ್ತಿಗೆ ಅಡ್ಡ ನಿಲ್ಲುತ್ತದೆ.

ಆದ್ದರಿಂದಲೇ ಸಿಲಿಕಾನ್‌ಗೆ ರಕ್ಷಣಾ ಲೇಪ ಬೇಕು. 1972ರಲ್ಲಿ ಜಪಾನಿನ ವಿಜ್ಞಾನಿಗಳಾದ ಫುಜಿಶಿಮಾ ಮತ್ತು ಹೊಂಡಾ ಬೆಳಕಿನಿಂದ ನೀರು ವಿಭಜಿಸಲು ಬಳಸಿದ ಟೈಟಾನಿಯಂ ಡೈಆಕ್ಸೈಡ್ ನೀರಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಬಿಸಿಲಿನ ನೇರಳಾತೀತ ಭಾಗವನ್ನಷ್ಟೇ ಹೀರುತ್ತದೆ. ಅದೇ ವಸ್ತುವನ್ನು ಈಗ ಸಿಲಿಕಾನ್‌ಗೆ ಕವಚವಾಗಿ ಹೊದಿಸುತ್ತಾರೆ. 2013ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇವಲ 2 ನ್ಯಾನೊಮೀಟರ್ ನಿಕ್ಕಲ್ ಲೇಪ ಹೊದ್ದ ಸಿಲಿಕಾನ್ 80 ಗಂಟೆ ಬಾಳಿತು. 2015ರಲ್ಲಿ ಅಲ್ಲಿಯದೇ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯವರು (ಕ್ಯಾಲ್ಟೆಕ್) ಟೈಟಾನಿಯಂ ಡೈಆಕ್ಸೈಡ್ ಹೊದಿಸಿದ ಸಿಲಿಕಾನ್ ಸೂಕ್ಷ್ಮತಂತಿಗಳನ್ನು ಕ್ಷಾರ ದ್ರಾವಣದಲ್ಲಿ 2200 ಗಂಟೆಗೂ ಮೀರಿ ನಡೆಸಿದರು. ಇದು ನಿಜಕ್ಕೂ ದೊಡ್ಡ ಸಾಧನೆ. ಆದರೂ ದಿನಕ್ಕೆ 8 ಗಂಟೆ ಬಿಸಿಲು ಎಂದು ಲೆಕ್ಕ ಹಿಡಿದರೆ 2200 ಗಂಟೆಯೆಂದರೆ 275 ದಿನ. ನಮ್ಮ ಮನೆಗಳ ಮೇಲಿನ ಸೌರಫಲಕಗಳಿಂದ ನಾವು ನಿರೀಕ್ಷಿಸುವುದು 25 ವರ್ಷ, ಅಂದರೆ 73,000 ಗಂಟೆ. ಫಲಕದೊಳಗಿನ ಸಿಲಿಕಾನ್ ಗಾಜಿನಡಿ ಒಣಗಿರುತ್ತದೆ, ನೀರು ವಿಭಜಿಸುವ ಸಿಲಿಕಾನ್ ಹಗಲೂ ರಾತ್ರಿ ದ್ರಾವಣದಲ್ಲೇ ನೆನೆಯಬೇಕು ಎಂಬ ವ್ಯತ್ಯಾಸವನ್ನು ಮರೆಯಬಾರದು.

ರಾತ್ರಿಯ ಮಾತು ಇನ್ನೂ ಗಂಭೀರವಾದುದು. ಪ್ರಯೋಗಾಲಯದ ದೀಪ ಆರುವುದಿಲ್ಲ, ಸೂರ್ಯ ಮುಳುಗುತ್ತಾನೆ. ಲೇಪದಲ್ಲಿ ಸೂಜಿಮೊನೆಗಿಂತ ಸಣ್ಣ ರಂಧ್ರವಿದ್ದರೂ, ಬೆಳಕಿರುವಾಗ ಅಲ್ಲಿ ಆಕ್ಸೈಡ್ ಬೆಳೆದು ತಕ್ಕಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಕತ್ತಲಾದ ಮೇಲೆ ಕ್ಷಾರ ಅದೇ ದಾರಿಯಲ್ಲಿ ಒಳಹೊಕ್ಕು ಸಿಲಿಕಾನನ್ನು ಕೊರೆಯುತ್ತದೆ. ದ್ರಾವಣ ಬಿಸಿಯಾದಷ್ಟೂ ಕೊರೆತದ ವೇಗ ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ.

ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಜಲಜನಕ ಮಿಷನ್‌ಗೆ ಒಪ್ಪಿಗೆ ನೀಡಿದೆ. ನೀರು ವಿಭಜಿಸುವ ಇಂಥ ಸಾಧನಗಳನ್ನು ಬಯಲಿನಲ್ಲಿಟ್ಟು, ಹಗಲು-ರಾತ್ರಿ, ಧೂಳು, ಏಪ್ರಿಲ್ ತಿಂಗಳ ಕಾವು ಎಲ್ಲವನ್ನೂ ವರ್ಷವಿಡೀ ಉಣಿಸಿ ನೋಡುವ ಪರೀಕ್ಷಾ ತಾಣವೊಂದನ್ನು ರಾಯಚೂರಿನ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಯಾವುದಾದರೊಂದು ಆರಂಭಿಸಬೇಕು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಿಂದಾಗಿ ಹತ್ತಾರು ವರ್ಷಗಳಿಂದ ಕಲ್ಲಿದ್ದಲಿನ ಬೂದಿ ಕಂಡ ಜಿಲ್ಲೆಗೆ ಈ ಕೆಲಸ ಸಲ್ಲಬೇಕಾದದ್ದೇ. ತಮ್ಮ ಪತ್ರಿಕೆಯೂ ಮುಂದೆ ಇಂಥ ಸುದ್ದಿ ಪ್ರಕಟಿಸುವಾಗ ಎಷ್ಟು ಗಂಟೆ, ಯಾವ ದ್ರಾವಣದಲ್ಲಿ, ದೀಪದಡಿಯೋ ಬಿಸಿಲಿನಡಿಯೋ ಎಂಬ ವಿವರಗಳನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ.

— ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ರಾಯಚೂರು