ರಕ್ತದ ಸ್ಯಾಂಪಲ್‌ನ ಸೀರಮ್ ಕೆಂಪಾಗಿ ಬರುತ್ತಿದೆ, ಸ್ವಲ್ಪ ಗಮನಿಸಿ
ಎಲ್ಲರಿಗೂ ನಮಸ್ಕಾರ. ವಾರ್ಡ್ ಸಿಸ್ಟರ್‌ಗಳು, ರಕ್ತ ತೆಗೆಯುವವರು ದಯವಿಟ್ಟು ಓದಿ.

ಇವತ್ತು ಬೆಳಿಗ್ಗೆ ಲ್ಯಾಬಲ್ಲಿ ಸೆಂಟ್ರಿಫ್ಯೂಜ್‌ನಿಂದ (ರಕ್ತದ ಟ್ಯೂಬನ್ನು ಜೋರಾಗಿ ತಿರುಗಿಸುವ ಯಂತ್ರ) ತೆಗೆದ ಟ್ಯೂಬಲ್ಲಿ ಸೀರಮ್ (ರಕ್ತಕಣ ಬೇರೆಯಾದ ಮೇಲೆ ಉಳಿಯುವ ತಿಳಿ ದ್ರವ) ದಾಳಿಂಬೆ ರಸದ ಹಾಗಿತ್ತು, ಪೊಟ್ಯಾಸಿಯಂ 6.8 ಅಂತ ಜಾಸ್ತಿ ಬಂತು, ಮತ್ತೆ ರಕ್ತ ತೆಗೆಸಿ ನೋಡಿದರೆ 4.2. ರೋಗಿ ಆರಾಮಾಗಿದ್ದರು, ಸ್ಯಾಂಪಲ್‌ನಲ್ಲಿ ಕೆಂಪು ರಕ್ತಕಣ ಒಡೆದು ಒಳಗಿನ ಪೊಟ್ಯಾಸಿಯಂ ಹೊರಬಂದಿತ್ತು ಅಷ್ಟೇ. ಸುಮ್ನೆ ಎರಡು ಸಲ ಚುಚ್ಚಿಸಿಕೊಂಡರು ಪಾಪ.

ನಾಳೆಯಿಂದ ಟೂರ್ನಿಕೆ (ತೋಳಿಗೆ ಕಟ್ಟುವ ಪಟ್ಟಿ) 1 ನಿಮಿಷಕ್ಕಿಂತ ಜಾಸ್ತಿ ಬೇಡ. ಸಿರಿಂಜ್ ಒತ್ತಿ ಟ್ಯೂಬಿಗೆ ಚಿಮ್ಮಿಸಬೇಡಿ. ಟ್ಯೂಬ್ ಕುಲುಕಬೇಡಿ, ಮೆಲ್ಲಗೆ ತಲೆಕೆಳಗು ಮಾಡಿ. ನೇರಳೆ ಮುಚ್ಚಳದ ಟ್ಯೂಬ್ ತುಂಬೋದು ಕೆಂಪು, ಹಳದಿ ಮುಚ್ಚಳದವು ಆದಮೇಲೆಯೇ. ಅದರ ರಕ್ತವನ್ನು ಇನ್ನೊಂದಕ್ಕೆ ಸುರಿಯೋದಂತೂ ಬೇಡವೇ ಬೇಡ, ಒಳಗಿನ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಸೇರಿದರೆ ಪೊಟ್ಯಾಸಿಯಂ ಏರುತ್ತೆ, ಕ್ಯಾಲ್ಸಿಯಂ ಇಳಿಯುತ್ತೆ. ಊಟ ಮಾಡಿ ಬಂದಿದ್ದರೆ ಫಾರ್ಮಲ್ಲಿ ಬರೆಯಿರಿ, ಸೀರಮ್ ಹಾಲಿನಂತಿದ್ದರೆ ನಮಗೆ ಕಾರಣ ಗೊತ್ತಾಗುತ್ತೆ.

ಓದಿದವರು ಇಲ್ಲೇ 'ಸರಿ' ಅಂತ ಹಾಕಿ, ನೈಟ್ ಶಿಫ್ಟಿನವರೂ.