ಆ ನಾಲ್ಕು ಚುಕ್ಕಿಗಳ ವಿಷಯ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದ.

ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಅದನ್ನೇ ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರ ಮೂರು ಸಲ ಓದಿದೆ. ಎರಡು ಪುಟ ಚೆನ್ನಾಗಿಯೇ ಇತ್ತು. ಮೂರನೇ ಪುಟದ ಅಂಚಿನಲ್ಲಿ, ಜಾಗ ಸಾಲದೆ ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ: 'ವೇಗ ಜಾಸ್ತಿ ಇದ್ದಾಗಿನ ಪ್ರಯೋಗದ ನಾಲ್ಕು ಚುಕ್ಕಿ ನನ್ನ ಲೆಕ್ಕದ ಗೆರೆಯ ಮೇಲೆ ಕೂರುತ್ತಿಲ್ಲ. ಐದು ವರ್ಷದ ಕೆಲಸ ಸುಳ್ಳಾ ದೊಡ್ಡಮ್ಮ? ಅವನ್ನು ಬಿಟ್ಟರೆ ಗ್ರಾಫ್ ತುಂಬಾ ಚೆಂದ ಇದೆ.' ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ನೀನು ಕಳಿಸಿದ ಫೋಟೋ ಮೇಜಿನ ಮೇಲೇ ಇದೆ. ಎರಡು ಗಾಜಿನ ಹಲಗೆ, ನಡುವೆ ಕೂದಲೆಳೆಗಿಂತ ಒಂದಿಷ್ಟು ಹೆಚ್ಚು ಅಂತರ, ಅದರೊಳಗೆ ಗ್ಲಿಸರಿನ್. ಹಿಂದಿನಿಂದ ಗಾಳಿ ತಳ್ಳಿದಾಗ ನೆಟ್ಟಗಿದ್ದ ಗಡಿ ಮೊದಲು ಸ್ವಲ್ಪ ಸುಕ್ಕಾಗಿ, ಆಮೇಲೆ ಬೆರಳು ಬೆರಳಾಗಿ ಒಡೆದಿದೆ. ಒಂದು ಬೆರಳು ಪಕ್ಕದ್ದನ್ನು ಹಿಂದೆ ಹಾಕಿ ಮುಂದೆ ಹೋಗಿದೆ, ಪಕ್ಕದ್ದು ಅಲ್ಲೇ ಮೊಂಡಾಗಿ ನಿಂತಿದೆ. ಎಷ್ಟು ನೋಡಿದರೂ ಸಾಲದು. ಹೀಲಿ-ಶಾ ಅನ್ನುವ ಇಂಗ್ಲಿಷ್ ಎಂಜಿನಿಯರ್ ಈ ಗಾಜಿನ ಜೋಡಿ ಮಾಡಿದ್ದು 1898ರಲ್ಲಿ. ಇಷ್ಟು ವರ್ಷ ಆದರೂ ಅದರಲ್ಲಿ ಪ್ರಶ್ನೆ ಮುಗಿದಿಲ್ಲ.

ಈ ಬೆರಳುಗಳ ಬಗ್ಗೆ ಸ್ಯಾಫ್‌ಮನ್ ಮತ್ತು ಟೇಲರ್ ಬರೆದ 1958ರ ಪೇಪರ್ ನೀನು ಓದಿರುತ್ತೀಯ. ಆದರೆ ಲೆಕ್ಕಕ್ಕಾಗಿ ಓದಿರುತ್ತೀಯ ಅಲ್ವಾ? ಒಂದು ಸಲ ಸುಮ್ನೆ ಕಥೆ ಓದುವ ಹಾಗೆ ಓದು. ಆಗ ಒಬ್ಬರಿಗೆ 72 ವರ್ಷ, ಇನ್ನೊಬ್ಬರಿಗೆ 27. ಮೇಲ್ಮೈ ಎಳೆತವನ್ನು, ಅಂದರೆ ದ್ರವದ ಮೇಲ್ಮೈಯನ್ನು ಬಿಗಿಯಾಗಿ ಹಿಡಿದಿಡುವ ಬಲವನ್ನು, ಬಿಟ್ಟು ಲೆಕ್ಕ ಹಾಕಿದರೆ ಬೆರಳು ಎಷ್ಟು ಅಗಲ ಬೇಕಾದರೂ ಇರಬಹುದು, ಉತ್ತರಗಳ ಸಾಲೇ ಸಿಗುತ್ತದೆ. ಪ್ರಯೋಗದಲ್ಲಿ ಮಾತ್ರ, ವೇಗ ತೀರಾ ಕಡಿಮೆ ಇಲ್ಲದಿದ್ದರೆ, ಬೆರಳು ಕಾಲುವೆಯ ಅರ್ಧ ಅಗಲಕ್ಕೇ ಬಂದು ನಿಲ್ಲುತ್ತದೆ. ಯಾಕೆ ಅರ್ಧ? ಅವರ ಲೆಕ್ಕಕ್ಕೆ ಅದು ಸಿಗಲಿಲ್ಲ. ಸಿಗದ್ದನ್ನು ಮುಚ್ಚಿಡದೆ ಎರಡನ್ನೂ ಅಚ್ಚು ಹಾಕಿಸಿದರು. 1986ರ ಹೊತ್ತಿಗೆ, ಸುಮಾರು 30 ವರ್ಷ ಕಳೆದ ಮೇಲೆ, ಬೇರೆಯವರು ಬಿಡಿಸಿದರು. ಸಣ್ಣದೆಂದು ಬಿಟ್ಟಿದ್ದ ಆ ಎಳೆತವೇ ಅರ್ಧವನ್ನು ಆರಿಸುತ್ತಿತ್ತು. ಅದೂ ಗಣಿತದ ಮಾಮೂಲಿ ಸರಣಿಯಲ್ಲಿ ಒಂದರ ಮೇಲೊಂದು ಎಷ್ಟು ಪದ ಕೂಡಿಸಿದರೂ ಕಾಣದಷ್ಟು ಚಿಕ್ಕ ಭಾಗದಿಂದ.

ಸುಳ್ಳಾ ಅಂತ ಕೇಳಿದೆಯಲ್ಲ. ಆ ಪದಕ್ಕೇ ನನ್ನ ಮನಸ್ಸು ಮತ್ತೆ ಮತ್ತೆ ಹೋಗುತ್ತಿದೆ. ಲೆಕ್ಕ ತಪ್ಪಿರಬಹುದು, ಅಥವಾ ಸಾಲದೆ ಇರಬಹುದು. ಸುಳ್ಳು ಅನ್ನುವುದು ಬೇರೆ. ನಾನದನ್ನು ಮಾಡಿದ್ದೇನೆ, ಅದಕ್ಕೇ ಗೊತ್ತು.

ನಿನ್ನ ವಯಸ್ಸಿನಲ್ಲಿ ನನ್ನ ಕೆಲಸ ಓರೆಯಾಗಿ ನಿಲ್ಲಿಸಿದ ಗಾಜಿನ ಮೇಲೆ ಜಾರುವ ನೀರಿನ ತೆಳು ಪದರದ್ದು. ರಷ್ಯಾದ ಭೌತವಿಜ್ಞಾನಿ ಕಪಿತ್ಸಾ 1940ರ ದಶಕದ ಕೊನೆಯಲ್ಲಿ ಮಗನನ್ನು ಜೊತೆಗಿಟ್ಟುಕೊಂಡು ಅದರ ಅಲೆಗಳನ್ನು ನೋಡಿದ್ದರು. ಅಲೆ ಯಾವಾಗ ಏಳುತ್ತದೆ ಅನ್ನುವುದನ್ನು 1957ರಲ್ಲಿ ಬೆಂಜಮಿನ್, 1963ರಲ್ಲಿ ಯಿಹ್ ಲೆಕ್ಕ ಹಾಕಿದ್ದರು. ಗಾಜು ನೆಟ್ಟಗಾದಷ್ಟೂ ಅಲೆ ಬೇಗ ಏಳುತ್ತದೆ. ಪೂರ್ತಿ ನೆಟ್ಟಗಿಟ್ಟರೆ ಎಷ್ಟು ನಿಧಾನವಾಗಿ ಹರಿದರೂ ಏಳಲೇಬೇಕು. ನನ್ನದು ಅದರ ಮುಂದಿನ ಒಂದು ಚೂರು.

ಪ್ರಯೋಗ ಮಾಡುತ್ತಿದ್ದವರು ನನಗಿಂತ ಹಿರಿಯರು, ಮಾತು ಕಡಿಮೆ. ಪಕ್ಕದಿಂದ ದೀಪ ಬಿಟ್ಟು, ಕೆನ್ನೆ ಇನ್ನೇನು ಗಾಜಿಗೆ ತಾಗಬೇಕು ಅನ್ನುವಷ್ಟು ಬಾಗಿ ನೋಡುತ್ತಿದ್ದರು. ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸುವುದು, ಕಾಯುವುದು, ಮತ್ತೆ ತಿರುಗಿಸುವುದು. ಮೊದಲ ನೆರಿಗೆ ಕಂಡ ಕೂಡಲೇ ಪುಸ್ತಕದಲ್ಲಿ ಪೆನ್ಸಿಲಿನ ಒಂದು ಚುಕ್ಕಿ. ಅಂಥ ಚುಕ್ಕಿಗಳಲ್ಲಿ ಮೂರು ನನ್ನ ಗೆರೆಗಿಂತ ಮೇಲೆ ಬಿದ್ದವು. ನನ್ನ ಲೆಕ್ಕ ಏಳಬೇಕು ಅಂದ ಕಡೆ ಅಲೆ ಎದ್ದಿರಲಿಲ್ಲ. ಸಲಕರಣೆಯ ದೋಷ ಅಂತ ನಾನೇ ತೀರ್ಮಾನ ಮಾಡಿ ಮೂರನ್ನೂ ತೆಗೆದೆ. ಅವರನ್ನು ಒಂದು ಮಾತು ಕೇಳಲೂ ಇಲ್ಲ.

ಪೇಪರ್ ಬಂತು. ಎಲ್ಲರೂ ಹೊಗಳಿದರು. ನಿಜ ಹೇಳಬೇಕೆಂದರೆ ನನಗೆ ಕೆಲಸ ಸಿಕ್ಕಿದ್ದೇ ಆ ಪೇಪರಿನಿಂದ. ಇದನ್ನು ಬರೆಯಬಾರದಿತ್ತೇನೋ, ನಿನಗೆ ಧೈರ್ಯ ಬಂದುಬಿಡುತ್ತದೆ. ಅವರು ಪ್ರತಿಯನ್ನು ತಿರುವಿ ಹಾಕಿ, 'ನನ್ನ ಮೂರು ಎಲ್ಲಿ ಹೋದವಮ್ಮ?' ಅಂದರು. ನಾನು ಏನೋ ಒಂದು ಹೇಳಿದೆ. ಆಮೇಲೆ ಜಗಳವಿಲ್ಲ, ಎದುರು ಸಿಕ್ಕರೆ ನಮಸ್ಕಾರವೂ ಇತ್ತು. ಆದರೆ ಒಂದು ಅಂಕಿಯನ್ನೂ ಮತ್ತೆ ನನಗೆ ಕೊಡಲಿಲ್ಲ.

ಎಷ್ಟೋ ವರ್ಷ ಆದಮೇಲೆ ಬೇರೇನೋ ಹುಡುಕುವಾಗ ಕಣ್ಣಿಗೆ ಬಿತ್ತು. ನೀರಿನ ಮೇಲೆ ಸೋಪಿನಂಥದ್ದು ಚೂರೇ ಇದ್ದರೂ ಮೇಲ್ಮೈ ಎಳೆತ ಅಲ್ಲಲ್ಲಿ ಬೇರೆ ಬೇರೆಯಾಗಿ, ಏಳುವ ಅಲೆಯನ್ನು ಹಿಡಿದು ಕೂರಿಸುತ್ತದೆ. 1960ರ ದಶಕದಲ್ಲೇ ಬರೆದಿಟ್ಟಿದ್ದರು. ನಮ್ಮ ಪ್ರಯೋಗದ ಆ ಹಿರಿಯರು ದಿನಾ ಬೆಳಿಗ್ಗೆ ಗಾಜನ್ನು ಸೋಪು ಹಾಕಿ ತೊಳೆಯುತ್ತಿದ್ದರು. ಕಿರ್ ಕಿರ್ ಸದ್ದು ನನ್ನ ಕೋಣೆಗೇ ಕೇಳಿಸುತ್ತಿತ್ತು. ನಾಚಿಕೆ ಬಿಟ್ಟು ಅವರಿಗೆ ಕಾಗದ ಬರೆದೆ. ಒಂದೇ ಸಾಲಿನ ಉತ್ತರ ಬಂತು: 'ಸೋಪು ಅಂತ ಆಗಲೇ ಅನುಮಾನವಿತ್ತು, ನೀವು ಕೇಳಲಿಲ್ಲ.'

ಎಲ್ಲಿಂದ ಎಲ್ಲಿಗೋ ಹೋದೆ. ನಿನ್ನ ಭಯಕ್ಕೆ ಬರುತ್ತೇನೆ.

ಐದು ವರ್ಷ ಹೋಯಿತು ಅಂತ ನೀನು ಲೆಕ್ಕ ಹಾಕುತ್ತಿದ್ದೀಯ. ಬೆನಾರ್ 1900ರಲ್ಲಿ ತೆಳು ದ್ರವದ ಪದರವನ್ನು ಕೆಳಗಿನಿಂದ ಕಾಯಿಸಿ ಆರು ಮೂಲೆಯ ಮನೆಗಳನ್ನು ಕಂಡ. 1916ರಲ್ಲಿ ರೇಲೀ ಅದಕ್ಕೆ ಕಾರಣ ಕೊಟ್ಟರು: ಕೆಳಗಿನ ಬಿಸಿ ದ್ರವ ಹಗುರ, ಮೇಲಿನದು ಭಾರ, ಅದಕ್ಕೇ ಮಗುಚುತ್ತದೆ. ಸುಂದರವಾದ ಲೆಕ್ಕ. ಆದರೆ ಬೆನಾರನ ತೆಳು ಪದರಗಳಲ್ಲಿ ಮುಖ್ಯ ಕಾರಣ ಅದಾಗಿರಲಿಲ್ಲ, ಮೇಲ್ಮೈ ಎಳೆತವಾಗಿತ್ತು. ಬ್ಲಾಕ್ 1956ರಲ್ಲಿ ಪ್ರಯೋಗದಿಂದ, ಪಿಯರ್ಸನ್ 1958ರಲ್ಲಿ ಲೆಕ್ಕದಿಂದ ತೋರಿಸಿದರು. ಹಾಗಂತ ರೇಲೀ ಲೆಕ್ಕವನ್ನು ಯಾರಾದರೂ ಎಸೆದರಾ? ಮೇಲೆ ಕೆಳಗೆ ಎರಡೂ ಕಡೆ ಮುಚ್ಚಿದ ಪದರಕ್ಕೆ ಇವತ್ತಿಗೂ ದಾರಿ ಅದೇ. ನಿನ್ನ ಗೆರೆ ಕಡಿಮೆ ವೇಗದ ಚುಕ್ಕಿಗಳ ಮೇಲೆಲ್ಲ ಕೂತಿದೆ ಅಂತ ನೀನೇ ಬರೆದಿದ್ದೀಯ. ಆ ಚುಕ್ಕಿಗಳು ಎಲ್ಲಿಗೆ ಹೋದವು?

ಸಲಹೆ ಕೊಡಲು ನನಗೆ ಅಷ್ಟು ಅಧಿಕಾರವಿಲ್ಲ, ಗ್ಲಿಸರಿನ್ ನಾನು ಮುಟ್ಟಿದವಳೂ ಅಲ್ಲ. ಆದರೂ ಒಂದು ನೋಡು. ನಿನ್ನ ಲೆಕ್ಕದ ಬುಡದಲ್ಲಿರುವುದು ಹಳೆಯ ಲೆಕ್ಕವೇ: ವೇಗ ನಾಲ್ಕು ಪಟ್ಟಾದರೆ ಬೆರಳುಗಳ ನಡುವಿನ ದೂರ ಅರ್ಧವಾಗುತ್ತದೆ. ಕ್ಯಾಪಿಲರಿ ನಂಬರ್, ಅಂದರೆ ದ್ರವದ ಅಂಟುತನ ಮತ್ತು ವೇಗವನ್ನು ಮೇಲ್ಮೈ ಎಳೆತದ ಜೊತೆ ಹೋಲಿಸುವ ಸಂಖ್ಯೆ, 0.1 ಇದ್ದಾಗ ಆ ದೂರ ಗಾಜುಗಳ ಅಂತರದ ಸುಮಾರು 10 ಪಟ್ಟು. ನಂಬರ್ 1ಕ್ಕೆ ಬಂದರೆ ಬರೀ 3 ಪಟ್ಟು. ಅಷ್ಟು ಇಕ್ಕಟ್ಟಾದ ಮೇಲೆ ದ್ರವವನ್ನು ಕಾಗದದಷ್ಟು ಚಪ್ಪಟೆ ಅಂದುಕೊಂಡು ಲೆಕ್ಕ ಹಾಕುವುದು ನಡೆಯುತ್ತದಾ? ಗಾಳಿ ಹಾದುಹೋದ ಮೇಲೆ ಗಾಜಿಗೆ ಅಂಟಿ ಉಳಿಯುವ ಪದರವೂ ವೇಗದ ಜೊತೆ ದಪ್ಪವಾಗುತ್ತದೆ. ನಿನ್ನ ನಾಲ್ಕು ಚುಕ್ಕಿಯಲ್ಲಿ ಬೆರಳುಗಳ ದೂರ ಗಾಜುಗಳ ಅಂತರದ ಎಷ್ಟು ಪಟ್ಟು ಅಂತ ನೀನು ಬರೆದಿಲ್ಲ.

ಇದೆಲ್ಲ ನಿನಗೆ ಗೊತ್ತೇ ಇರಬಹುದು. ಗೊತ್ತಿದ್ದರೆ ಬೈದುಕೊಳ್ಳಬೇಡ.

ಈ ತಿಂಗಳೇ ಪೇಪರ್ ಕಳಿಸಲೇಬೇಕಾ? ಮುಂದಿನ ಕೆಲಸದ ಅರ್ಜಿಗೆ ಬೇಕು ಅಂತೀಯ, ಅದೂ ನಿಜವೇ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಾಲ್ಕನ್ನೂ ಗ್ರಾಫಿನಲ್ಲಿಟ್ಟು, ಕೆಳಗೆ 'ಇವು ಹೊಂದುತ್ತಿಲ್ಲ' ಅಂತ ಎರಡು ಸಾಲು ಬರೆದರೆ ಪೇಪರ್ ಪರಿಶೀಲಿಸುವ ರೆಫರಿ ಹಿಡಿದುಕೊಂಡು ಪೀಡಿಸಬಹುದು. ಪೀಡಿಸದೆಯೂ ಇರಬಹುದು.

ಪ್ರಯೋಗ ಮಾಡಿ ನಿನಗೆ ಅಂಕಿ ಕೊಟ್ಟ ಆ ಹುಡುಗಿಯ ಹತ್ತಿರ ಒಂದು ದಿನ ಪೂರ್ತಿ ಹೋಗಿ ಕೂತುಕೋ. ಕಂಪ್ಯೂಟರ್ ತೆಗೆದುಕೊಂಡು ಹೋಗಬೇಡ. ಆ ನಾಲ್ಕು ಚುಕ್ಕಿಯ ದಿನ ಕೋಣೆ ಎಷ್ಟು ಬಿಸಿ ಇತ್ತು ಅಂತ ಕೇಳು. ಶುದ್ಧ ಗ್ಲಿಸರಿನ್ 20 ಡಿಗ್ರಿಯಿಂದ 25ಕ್ಕೆ ಏರಿದರೆ ಅದರ ಸ್ನಿಗ್ಧತೆ, ಅಂದರೆ ಆ ಅಂಟುತನ, ಮೂರರಲ್ಲಿ ಒಂದು ಪಾಲು ಇಳಿದುಹೋಗುತ್ತದೆ. ಬಾಟಲಿಯ ಮುಚ್ಚಳ ತೆರೆದೇ ಇಟ್ಟರೆ ಗಾಳಿಯಲ್ಲಿನ ನೀರನ್ನೂ ಹೀರಿಕೊಳ್ಳುತ್ತದೆ. ಅವಳು ಏನಂದಳು ಅಂತ ನನಗೂ ಬರಿ. ಗ್ರಾಫಿನ ಪ್ರತಿಯನ್ನೂ ಕಳಿಸು, ನಾಲ್ಕೂ ಇರುವುದನ್ನು.

ನಿನ್ನ
ದೊಡ್ಡಮ್ಮ