ಮಂಪರು ಇಂಜೆಕ್ಷನ್ ಬೇಕಿದ್ದರೆ ಜೊತೆಗೆ ಒಬ್ಬರು ಬೇಕು: ನಮ್ಮಲ್ಲಿ ಎಂಡೋಸ್ಕೋಪಿಗೆ ಬರುವವರಿಗೆ ಪತ್ರ

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಚಿಕ್ಕಮಗಳೂರಿನ ನಮ್ಮ ಕ್ಲಿನಿಕ್ಕಿನ ಕೌಂಟರಿನ ಗಾಜಿಗೆ, ಎಂಡೋಸ್ಕೋಪಿಗೆ (ಕ್ಯಾಮೆರಾ ಇರುವ ಕೊಳವೆ ಒಳಗೆ ಬಿಟ್ಟು ನೋಡುವ ಪರೀಕ್ಷೆಗೆ) ಬರುವವರಿಗಾಗಿ ಒಂದು ಚೀಟಿ ಅಂಟಿಸಿದೆವು. "ಜೊತೆಗೆ ಒಬ್ಬರು ಇಲ್ಲದಿದ್ದರೆ ಮಂಪರು ಇಂಜೆಕ್ಷನ್ ಕೊಡುವುದಿಲ್ಲ. ಇಂಜೆಕ್ಷನ್‌ಗೆ ಪ್ರತ್ಯೇಕ ಚಾರ್ಜ್ 900 ರೂಪಾಯಿ." ಅಷ್ಟೇ ಬರೆದಿದ್ದೆವು. ಯಾಕೆ ಅಂತ ಒಂದು ಸಾಲೂ ಇರಲಿಲ್ಲ. ಇಷ್ಟು ವರ್ಷದಿಂದ ನಂಬಿಕೊಂಡು ಬರುತ್ತಿರುವವರಿಗೆ ಹಾಗೆ ಚೀಟಿ ತೋರಿಸಿ ಸುಮ್ಮನಾಗಬಾರದಿತ್ತು. ಅದಕ್ಕೆ ಕ್ಷಮೆ ಇರಲಿ.

ಚೀಟಿ ಅಂಟಿಸಿದ ಎರಡನೇ ದಿನವೇ ಕೊಪ್ಪದ ಕಡೆಯಿಂದ ಒಬ್ಬ ಅಮ್ಮ ಮೊದಲ ಬಸ್ಸಿಗೆ ಬಂದರು. ರಾತ್ರಿಯಿಂದ ಏನೂ ತಿಂದಿರಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ರಿಪೋರ್ಟುಗಳನ್ನು ಮಡಚಿ ಇಟ್ಟುಕೊಂಡಿದ್ದರು. ಜೊತೆಗೆ ಯಾರೂ ಇರಲಿಲ್ಲ. ಫೋನಿನಲ್ಲಿ ಟೈಮ್ ಕೊಡುವಾಗ ನಾವು ಹೊಸ ನಿಯಮ ಹೇಳಿರಲೇ ಇಲ್ಲ. ಕೌಂಟರಿನಲ್ಲಿ ಕೂರುವವಳು ನಾನು. ನಾನೇ ಅವರನ್ನು ವಾಪಸ್ ಕಳಿಸಿದೆ. ಅವರು ಜಗಳ ಮಾಡಲಿಲ್ಲ. "ಆಯ್ತು ಬಿಡಮ್ಮ" ಅಂದು ಆ ಕವರನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಂಡು ಹೊರಟರು. ಅವತ್ತಿನಿಂದ ನನಗೆ ಈ ಪತ್ರ ಬರೆಯದೆ ಸಮಾಧಾನ ಇಲ್ಲ.

ಎಲ್ಲರೂ ಕೇಳುತ್ತಿರುವ ಪ್ರಶ್ನೆ ಒಂದೇ. "ಮೊದಲೆಲ್ಲ ಒಬ್ಬರೇ ಬಂದು ಮಾಡಿಸಿಕೊಂಡು ಹೋಗ್ತಿದ್ವಿ. ಈಗ ಏನು ಹೊಸದಾಗಿ? ಕೊಯ್ಲಿನ ಟೈಮಲ್ಲಿ ಯಾರನ್ನ ಕರ್ಕೊಂಡು ಬರೋದು?" ಆಲ್ದೂರಿನವರು ಕೇಳಿದ್ದಾರೆ, ಮೂಡಿಗೆರೆಯವರು ಕೇಳಿದ್ದಾರೆ, ನಮ್ಮ ಬೀದಿಯವರೇ ಕೇಳಿದ್ದಾರೆ. ಇದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ.

ನಾವು ಕೊಡುವ ಔಷಧಿಯ ಹೆಸರು ಮಿಡಜೋಲಮ್. ಕೈಯ ನರಕ್ಕೆ ನಿಧಾನವಾಗಿ ಕೊಡುತ್ತೇವೆ. ಎರಡು ಮೂರು ನಿಮಿಷದಲ್ಲಿ ಕಣ್ಣು ಭಾರವಾಗುತ್ತದೆ, ಭಯ ಹೋಗುತ್ತದೆ. ಇದು ಆಪರೇಷನ್‌ಗೆ ಕೊಡುವಂಥ ಪೂರ್ತಿ ಅರಿವಳಿಕೆ ಅಲ್ಲ. ಸಿಸ್ಟರ್ ಹೆಸರು ಹಿಡಿದು ಕರೆದರೆ ನೀವು ಕಣ್ಣು ಬಿಡುತ್ತೀರಿ, "ಎಡಕ್ಕೆ ಹೊರಳಿ" ಅಂದರೆ ಹೊರಳುತ್ತೀರಿ. ಆದರೆ ಈ ಔಷಧಿಗೆ ಇನ್ನೊಂದು ಗುಣ ಇದೆ. ಅದು ಮೈಯಲ್ಲಿ ಕೆಲಸ ಮಾಡುತ್ತಿರುವಷ್ಟು ಹೊತ್ತು ನಡೆದದ್ದು ಎಷ್ಟೋ ಸಲ ನೆನಪಿನಲ್ಲಿ ಉಳಿಯುವುದೇ ಇಲ್ಲ. ನೀವು ಎದ್ದು ಕೂತು ಮಾತಾಡಿರುತ್ತೀರಿ, ಚಪ್ಪಲಿ ಹಾಕಿಕೊಂಡಿರುತ್ತೀರಿ, ನಕ್ಕಿರುತ್ತೀರಿ. ಸಂಜೆ ಕೇಳಿದರೆ ಅದ್ಯಾವುದೂ ಗೊತ್ತಿರುವುದಿಲ್ಲ.

ಡಾಕ್ಟರು ಪಕ್ಕದಲ್ಲಿ ಕೂತು ಹುಣ್ಣು ಎಲ್ಲಿದೆ, ಯಾವ ಮಾತ್ರೆ ಎಷ್ಟು ದಿನ, ಬಯಾಪ್ಸಿ (ಒಳಗಿಂದ ಚೂರು ತೆಗೆದು ಲ್ಯಾಬಿಗೆ ಕಳಿಸಿದ್ದರ) ರಿಪೋರ್ಟ್ ಯಾವತ್ತು ಬರುತ್ತದೆ ಅಂತ ಬಿಡಿಸಿ ಹೇಳಿರುತ್ತಾರೆ. ನೀವು "ಹೂಂ, ಹೂಂ" ಅಂದಿರುತ್ತೀರಿ. ಮಾರನೇ ದಿನ ಫೋನ್ ಬರುತ್ತದೆ, "ನಿಮ್ಮ ಡಾಕ್ಟ್ರು ನನಗೆ ಏನೂ ಹೇಳಲೇ ಇಲ್ಲ." ಈ ಮಾತು ನಮಗೆ ಎಷ್ಟೋ ಸಲ ಬಂದಿದೆ. ಮೊದಮೊದಲು ಬೇಜಾರಾಗುತ್ತಿತ್ತು. ಈಗ ಅರ್ಥವಾಗಿದೆ. ಹೇಳಿದವರೂ ಸುಳ್ಳಲ್ಲ, ಕೇಳಿದವರೂ ಸುಳ್ಳಲ್ಲ. ಜೊತೆಗೆ ಮನೆಯವರು ಇದ್ದರೆ ಆ ಮಾತು ಅವರ ಕಿವಿಗೆ ಬಿದ್ದಿರುತ್ತದೆ.

ಇನ್ನೊಂದು ನಡೆದದ್ದು ಕಳೆದ ಮಳೆಗಾಲದಲ್ಲಿ. ನಮ್ಮ ಹಳೆಯ ಪರಿಚಯದವರು ಒಬ್ಬರು ಬಂದಿದ್ದರು. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ "ಫ್ರೆಂಡ್ ಗೇಟಲ್ಲಿ ಕಾಯ್ತಿದಾನೆ" ಅಂದರು. ಮುಖ ಸರಿಯಾಗಿತ್ತು, ಮಾತು ಸರಿಯಾಗಿತ್ತು, ನಡಿಗೆಯೂ ಸರಿಯಾಗಿತ್ತು. ನಾವು ಗೇಟಿನ ತನಕ ಹೋಗಿ ನೋಡಲಿಲ್ಲ. ಫ್ರೆಂಡ್ ಯಾರೂ ಇರಲಿಲ್ಲ, ಬೈಕ್ ಇತ್ತು. ಆ ಮಳೆಯಲ್ಲಿ, ಆ ತಿರುವುಗಳಲ್ಲಿ ಅವರು ಬೈಕ್ ಓಡಿಸಿಕೊಂಡು ಹೋಗಿ ಚರಂಡಿಗೆ ಬಿದ್ದರು. ಮೊಣಕೈಯ ಚರ್ಮ ಕಿತ್ತುಹೋಗಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ, ದೇವರು ದೊಡ್ಡವನು. ಇವತ್ತಿಗೂ ಅವರಿಗೆ ಬೈಕ್ ಸ್ಟಾರ್ಟ್ ಮಾಡಿದ್ದೇ ನೆನಪಿಲ್ಲ. ತಪ್ಪು ಅವರದ್ದು ಅಂತ ನಾವು ಹೇಳುವುದಿಲ್ಲ. ಮಂಪರಿನಲ್ಲಿ ಇರುವವರ ಮಾತು ನಂಬಿ ಕಳಿಸಿದ್ದು ನಾವು.

ಅದಕ್ಕೇ ಈಗ ಜೊತೆಗೆ ಬಂದವರನ್ನು ಕಣ್ಣಾರೆ ನೋಡದೆ ಇಂಜೆಕ್ಷನ್ ಹಾಕುವುದಿಲ್ಲ. 18 ವರ್ಷ ದಾಟಿದವರಾಗಿರಬೇಕು, ಮುಗಿಯುವ ತನಕ ಇಲ್ಲೇ ಇರಬೇಕು. "ಟ್ಯಾಕ್ಸಿ ಡ್ರೈವರ್ ಸಾಕಲ್ವಾ?" ಅಂತ ಕೇಳುತ್ತೀರಿ. ಡ್ರೈವರ್ ಮನೆ ಬಾಗಿಲಲ್ಲಿ ಬಿಟ್ಟು ಹೋಗುತ್ತಾರೆ. ಆಮೇಲೆ ಬಚ್ಚಲಿಗೆ ಹೋಗುವಾಗ ತಲೆ ಸುತ್ತಿದರೆ ಹಿಡಿದುಕೊಳ್ಳುವವರು ಬೇಕಲ್ಲ? ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಒಬ್ಬರೇ ಇರುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತು. ಪಕ್ಕದ ಮನೆಯವರು, ತೋಟದ ಲೆಕ್ಕ ಬರೆಯುವ ರೈಟರು, ಸಂಘದ ಗೆಳತಿ, ಯಾರಾದರೂ ಆದೀತು. ಅವತ್ತು ರಾತ್ರಿ ನಿಮ್ಮ ಜೊತೆ ಇರುವವರಾದರೆ ಸಾಕು.

ಯಾರೂ ಸಿಗದಿದ್ದರೂ ಪರೀಕ್ಷೆ ನಿಲ್ಲಬೇಕಾಗಿಲ್ಲ. ಹೊಟ್ಟೆಯ ಎಂಡೋಸ್ಕೋಪಿಯನ್ನು ಗಂಟಲಿಗೆ ಬರೀ ಸ್ಪ್ರೇ ಹೊಡೆದೂ ಮಾಡಬಹುದು. ಎಷ್ಟೋ ಜನ ಹಾಗೇ ಮಾಡಿಸಿಕೊಳ್ಳುತ್ತಾರೆ. ಸ್ಪ್ರೇ ಕಹಿ, ಗಂಟಲು ದಪ್ಪಗಾದ ಹಾಗೆ ಅನಿಸುತ್ತದೆ, ಓಕರಿಕೆ ಬರುತ್ತದೆ. ಆದರೆ ಕೆಲವೇ ನಿಮಿಷದ ಕೆಲಸ. ಸಿಸ್ಟರ್ ಬೆನ್ನು ಸವರುತ್ತಾ ಮೂಗಿನಲ್ಲಿ ಉಸಿರಾಡಿಸುತ್ತಾರೆ. ಗಂಟಲಿನ ಜೋಮು ಪೂರ್ತಿ ಬಿಡುವ ತನಕ ನೀರು ಕುಡಿಯದಿದ್ದರೆ ಆಯಿತು, ಆಮೇಲೆ ನೀವೇ ಗಾಡಿ ಓಡಿಸಿಕೊಂಡು ಹೋಗಬಹುದು. ಕೊಪ್ಪದ ಅಮ್ಮನಿಗೆ ನಾನು ಹೇಳಬೇಕಾಗಿದ್ದು ಇದನ್ನೇ. ಗಡಿಬಿಡಿಯಲ್ಲಿ ಹೇಳಲಿಲ್ಲ. ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿಗೆ ಮಾತ್ರ ಸಾಮಾನ್ಯವಾಗಿ ಮಂಪರು ಬೇಕಾಗುತ್ತದೆ.

ಈಗ ದುಡ್ಡಿನ ಮಾತು. "ಮೆಡಿಕಲ್‌ನಲ್ಲಿ ವಿಚಾರಿಸಿದೆ, ಆ ಔಷಧಿಗೆ ಅಷ್ಟೆಲ್ಲ ರೇಟ್ ಇಲ್ಲ" ಅಂತ ಮುಖಕ್ಕೇ ಹೇಳಿದವರಿದ್ದಾರೆ. ನಿಜ. 900 ರೂಪಾಯಿಯಲ್ಲಿ ಔಷಧಿಯ ಪಾಲು ಚಿಕ್ಕದು. ಉಳಿದದ್ದೆಲ್ಲ ನಿಮ್ಮ ಉಸಿರು ಕಾಯುವುದಕ್ಕೆ.

ಯಾಕೆಂದರೆ ಈ ಇಂಜೆಕ್ಷನ್‌ನ ದೊಡ್ಡ ಅಪಾಯ ಉಸಿರಿನದ್ದು. ಡೋಸ್ ಸ್ವಲ್ಪ ಜಾಸ್ತಿಯಾದರೆ, ಅಥವಾ ಜೊತೆಗೆ ಫೆಂಟನಿಲ್‌ನಂಥ ನೋವಿನ ಔಷಧಿ ಸೇರಿದರೆ, ಉಸಿರಾಟ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಅದಕ್ಕೇ ಚೂರು ಕೊಟ್ಟು, ಎರಡು ನಿಮಿಷ ಕಾದು, ನೋಡಿ, ಬೇಕಾದರೆ ಇನ್ನು ಚೂರು ಕೊಡುತ್ತೇವೆ. 60 ದಾಟಿದವರಿಗೆ ಶುರುವಿನ ಡೋಸೇ ಕಡಿಮೆ. "ಬೇಗ ಹಾಕಿ ಮುಗಿಸಿ" ಅಂತ ದಯವಿಟ್ಟು ಅವಸರ ಮಾಡಬೇಡಿ.

ಡಾಕ್ಟರ ಕಣ್ಣು ಸ್ಕ್ರೀನ್ ಮೇಲಿರುತ್ತದೆ. ಹಾಗಾಗಿ ಇನ್ನೊಬ್ಬ ಸಿಸ್ಟರನ್ನು ತೆಗೆದುಕೊಂಡಿದ್ದೇವೆ. ನಿಮ್ಮ ಎದೆ ಏರುತ್ತಿದೆಯಾ, ಇಳಿಯುತ್ತಿದೆಯಾ ಅಂತ ನೋಡುವುದೊಂದೇ ಅವರ ಕೆಲಸ. ರಕ್ತದ ಆಕ್ಸಿಜನ್ ಅಳೆಯುವ ಬೆರಳಿನ ಕ್ಲಿಪ್ ಕೊರೋನಾ ಕಾಲದಿಂದ ಎಲ್ಲರಿಗೂ ಗೊತ್ತು. ಆದರೆ ಮೂಗಿಗೆ ಆಕ್ಸಿಜನ್ ಹಾಕಿದ್ದಾಗ ಉಸಿರು ನಿಂತರೂ ಕ್ಲಿಪ್ಪಿನ ನಂಬರ್ ಕೂಡಲೇ ಇಳಿಯುವುದಿಲ್ಲ, ತಡವಾಗಿ ಹೇಳುತ್ತದೆ. ಅದಕ್ಕೆ ಪ್ರತಿ ಉಸಿರನ್ನೂ ಗೆರೆಯಾಗಿ ತೋರಿಸುವ ಕ್ಯಾಪ್ನೋಗ್ರಾಫ್ ಮೆಷಿನ್ ತಂದೆವು. ಸಾಲ ಮಾಡಿ ತಂದೆವು, ಕಂತು ಇನ್ನೂ ನಡೆಯುತ್ತಿದೆ. ಇಲ್ಲಿಯ ಮಳೆಗಾಲದ ಕರೆಂಟ್ ನಿಮಗೇ ಗೊತ್ತಲ್ಲ, ಅದಕ್ಕೊಂದು ಯುಪಿಎಸ್. ಆಕ್ಸಿಜನ್ ಸಿಲಿಂಡರ್ ಒಂದು ಬಳಕೆಗೆ, ಒಂದು ತುಂಬಿಸಿ ಪಕ್ಕಕ್ಕೆ.

ಫ್ರಿಜ್ಜಿನ ಪಕ್ಕದ ಕೆಂಪು ಡಬ್ಬಿಯಲ್ಲಿ ಫ್ಲೂಮಜೆನಿಲ್ ಅನ್ನುವ ಇನ್ನೊಂದು ಇಂಜೆಕ್ಷನ್ ಇದೆ. ಮಿಡಜೋಲಮ್ ಜಾಸ್ತಿಯಾದರೆ ಅದನ್ನು ಇಳಿಸುವ ಔಷಧಿ. ಪ್ರತಿ ಸಲ ಡೇಟ್ ಮುಗಿಯುತ್ತದೆ, ಬಳಸದೆ ಎಸೆಯುತ್ತೇವೆ, ಹೊಸದು ತರುತ್ತೇವೆ. ಆ ದುಡ್ಡು ಹೋಗಿದ್ದಕ್ಕೆ ನಮಗೆ ಒಂದು ದಿನವೂ ಬೇಜಾರಾಗಿಲ್ಲ. ಆದರೆ ಅದನ್ನೂ ಸೇರಿಸಿ "ಸುಲಿಗೆ" ಅಂದರೆ ಮನಸ್ಸಿಗೆ ನೋವಾಗುತ್ತದೆ. ಒಂದು ವಿಷಯ ತಿಳಿದಿರಲಿ. ಆ ಔಷಧಿಯ ಶಕ್ತಿ ಮಿಡಜೋಲಮ್‌ಗಿಂತ ಬೇಗ ಇಳಿಯುತ್ತದೆ. ಎದ್ದವರು ಮತ್ತೆ ಮಂಪರಿಗೆ ಜಾರಬಹುದು. ಅದನ್ನು ಕೊಡಬೇಕಾಗಿ ಬಂದರೆ ಅವತ್ತು ನಿಮ್ಮನ್ನು ಬಹಳ ಹೊತ್ತು ಇಲ್ಲೇ ಇಟ್ಟುಕೊಳ್ಳುತ್ತೇವೆ.

ಮಂಪರು ಇಳಿಯುವ ತನಕ ಒಂದು ಹಾಸಿಗೆ ನಿಮ್ಮದೇ. ಹಾಗಾಗಿ ಮಂಪರಿನ ಪರೀಕ್ಷೆ ಇನ್ನು ಮಂಗಳವಾರ, ಶುಕ್ರವಾರ ಮಾತ್ರ. ದಿನಕ್ಕೆ ಮೊದಲಿಗಿಂತ ಕಡಿಮೆ ಜನ. ನಮಗೆ ಇದರಲ್ಲಿ ಲಾಭ ಇಲ್ಲ ಅಂತ ಲೆಕ್ಕ ಬರುವವರಿಗೆ ಗೊತ್ತಾಗುತ್ತದೆ. ಸ್ಪ್ರೇಯಲ್ಲಿ ಮಾಡಿಸಿಕೊಳ್ಳುವವರಿಗೆ ಹಳೆಯ ಚಾರ್ಜೇ, ಒಂದು ರೂಪಾಯಿಯೂ ಏರಿಸಿಲ್ಲ.

ಬರುವ ಮೊದಲು ನೀವು ಮಾಡಬೇಕಾದ ಕೆಲಸವೂ ಇದೆ. ಆರು ಗಂಟೆ ಮುಂಚಿನಿಂದ ಏನೂ ತಿನ್ನಬಾರದು. ಹಿಂದಿನ ರಾತ್ರಿ ಕರಿದದ್ದು, ಮಾಂಸದೂಟ ಬೇಡ. ಅದು ಹೊಟ್ಟೆಯಿಂದ ಇಳಿಯಲು ಎಂಟು ಗಂಟೆ ಬೇಕು. ಬರೀ ನೀರನ್ನು ಎರಡು ಗಂಟೆ ಮುಂಚಿನ ತನಕ ಕುಡಿಯಬಹುದು. ಈಗ ಕಾಫಿ. ಕಾಫಿ ಸೀಮೆಯಲ್ಲಿ ಇದನ್ನು ಹೇಳುವುದೇ ಕಷ್ಟ. "ಒಂದೇ ಒಂದು ಲೋಟ ಕಾಫಿ ಅಷ್ಟೇ" ಅಂತ ಎಷ್ಟು ಜನ ಹೇಳಿ, ಎಷ್ಟು ಸಲ ಪರೀಕ್ಷೆ ಮುಂದಕ್ಕೆ ಹಾಕಿದ್ದೇವೆ! ಹಾಲು ಬಿದ್ದ ಕಾಫಿ ಊಟದ ಲೆಕ್ಕ, ಮಜ್ಜಿಗೆಯೂ ಅಷ್ಟೇ. ಮಂಪರಿನಲ್ಲಿ ಗಂಟಲಿನ ಕಾವಲು ಸಡಿಲವಾಗಿರುತ್ತದೆ. ಆಗ ವಾಂತಿಯಾದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಕಾಫಿ ಕುಡಿದಿದ್ದರೆ ನಿಜ ಹೇಳಿ, ಬಯ್ಯುವುದಿಲ್ಲ, ಬೇರೆ ದಿನ ಕೊಡುತ್ತೇವೆ.

ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಚೀಟಿಯ ಸಮೇತ ತನ್ನಿ. ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ, ರಕ್ತ ತೆಳುವಾಗುವ ಮಾತ್ರೆ, ಎಲ್ಲವೂ ಡಾಕ್ಟರಿಗೆ ಗೊತ್ತಿರಬೇಕು. ಕೆಲವು ಆಂಟಿಬಯೋಟಿಕ್, ಫಂಗಸ್ ಮಾತ್ರೆ, ಬಿಪಿಯ ಡಿಲ್ಟಿಯಾಜೆಮ್‌ನಂಥ ಮಾತ್ರೆಗಳು ಮಿಡಜೋಲಮ್‌ ಅನ್ನು ಮೈಯಲ್ಲಿ ಜಾಸ್ತಿ ಹೊತ್ತು ಉಳಿಸುತ್ತವೆ. ಶುಗರ್ ಇರುವವರು ಹಿಂದಿನ ದಿನವೇ ಫೋನ್ ಮಾಡಿ. ಉಪವಾಸದಲ್ಲಿ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಹಾಕಿಕೊಂಡು ಬಂದರೆ ಶುಗರ್ ಇಳಿದುಹೋಗಬಹುದು. ವಾರಕ್ಕೊಮ್ಮೆ ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುವವರೂ ಹೇಳಿ, ಅದರಿಂದ ಹೊಟ್ಟೆ ಖಾಲಿಯಾಗುವುದು ತಡವಾಗುತ್ತದೆ. ಗರ್ಭಿಣಿಯರು, ಹಾಲುಣಿಸುವವರು, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಅಥವಾ ದಮ್ಮು ಇರುವವರು ಟೈಮ್ ತೆಗೆದುಕೊಳ್ಳುವಾಗಲೇ ತಿಳಿಸಿ. ಉಗುರಿನ ಬಣ್ಣ ತೆಗೆದು ಬನ್ನಿ, ಹಲ್ಲಿನ ಸೆಟ್ ಇದ್ದರೆ ಡಬ್ಬಿ ತನ್ನಿ.

ಕುಡಿಯುವ ಅಭ್ಯಾಸದ ಬಗ್ಗೆ ಮುಚ್ಚಿಡಬೇಡಿ. ಮನೆಯವರ ಎದುರು ಸಂಕೋಚವಾದರೆ ಒಳಗೆ ಬಂದು ಸಿಸ್ಟರ್‌ಗೆ ಮೆಲ್ಲಗೆ ಹೇಳಿ. ಡೋಸ್ ಲೆಕ್ಕ ಅದರ ಮೇಲೆ ನಿಂತಿದೆ. ಇನ್ನು ಗೊರಕೆ. ಒಮ್ಮೆ ಒಬ್ಬ ಯಜಮಾನರು "ನನಗೇನೂ ಇಲ್ಲ" ಅಂದರು. ಪಕ್ಕದಲ್ಲಿ ಕೂತ ಹೆಂಡತಿ, "ಗೊರಕೆ ನಡುವೆ ಉಸಿರೇ ನಿಂತುಹೋಗುತ್ತೆ ಮೇಡಂ, ನಾನೇ ಅಲುಗಾಡಿಸಿ ಎಬ್ಬಿಸ್ತೀನಿ" ಅಂದರು. ಆ ಒಂದು ಮಾತಿನಿಂದ ಅವತ್ತು ಡಾಕ್ಟರು ಮಂಪರು ಬಿಟ್ಟು ಸ್ಪ್ರೇಯಲ್ಲೇ ಮುಗಿಸಿದರು. ಜೊತೆಗೆ ಒಬ್ಬರು ಬಂದರೆ ಇಂಥದ್ದೂ ಗೊತ್ತಾಗುತ್ತದೆ.

ಮನೆಗೆ ಹೋದ ಮೇಲೆ 24 ಗಂಟೆ ಗಾಡಿ ಓಡಿಸಬೇಡಿ. ಮೆಣಸು ಬಿಡಿಸಲು ಏಣಿ ಹತ್ತಬೇಡಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹತ್ತಿರ ಹೋಗಬೇಡಿ, ಹಂಡೆ ಒಲೆಗೆ ನೀವೇ ಸೌದೆ ಹಾಕಬೇಡಿ. ತೋಟದ ಪತ್ರ, ಬ್ಯಾಂಕಿನ ಪೇಪರ್ ಯಾವುದಕ್ಕೂ ಸಹಿ ಬೇಡ. ಫೋನಿನಲ್ಲಿ ದುಡ್ಡು ಕಳಿಸುವುದೂ ಬೇಡ. ಮದ್ಯ, ನಿದ್ದೆ ಮಾತ್ರೆ ಅವತ್ತು ಬೇಡವೇ ಬೇಡ. ಎಬ್ಬಿಸಿದರೂ ಏಳದಷ್ಟು ಮಂಪರು ಇದ್ದರೆ, ಉಸಿರು ಕಷ್ಟವಾದರೆ, ಹೊಟ್ಟೆ ಅಥವಾ ಎದೆ ಜೋರಾಗಿ ನೋಯುತ್ತಿದ್ದರೆ, ರಕ್ತ ವಾಂತಿಯಾದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಆಮೇಲೆ ನಮಗೆ ತಿಳಿಸಿ. ಇಂಜೆಕ್ಷನ್ ಹಾಕಿದ ಜಾಗ ಕೆಂಪಾಗಿ ಸ್ವಲ್ಪ ನೋಯುವುದು ಸಾಮಾನ್ಯ. ಊದಿಕೊಂಡರೆ ಬಂದು ತೋರಿಸಿ.

ಹಳೆಯ ಫೋನ್ ನಂಬರೇ ಇದೆ. ಟೈಮ್ ಕೊಡುವಾಗ ಇನ್ನು ಮುಂದೆ ಎಲ್ಲವನ್ನೂ ನಾನೇ ಹೇಳುತ್ತೇನೆ, ಹಿಂದಿನ ಸಂಜೆ ಮತ್ತೊಮ್ಮೆ ಫೋನ್ ಮಾಡಿ ನೆನಪಿಸುತ್ತೇನೆ. ಕೊಯ್ಲು ಮುಗಿಯುವ ತನಕ ಕಾಯಬಹುದಾ ಅಂತ ಕೇಳುವವರು ಡಾಕ್ಟರ ಹತ್ತಿರ ಮಾತಾಡಿ. ಕೆಲವರಿಗೆ ಕಾಯಬಹುದು, ಕೆಲವರಿಗೆ ಆಗುವುದಿಲ್ಲ.

ಕೊಪ್ಪದಿಂದ ಬಂದು ಬರಿಗೈಯಲ್ಲಿ ಹೋದ ಅಮ್ಮ, ಈ ಪತ್ರವನ್ನು ಯಾರಾದರೂ ನಿಮಗೆ ಓದಿ ಹೇಳಿದರೆ ನಮಗೆ ಒಂದು ಫೋನ್ ಮಾಡಿಸಿ. ಅವತ್ತು ನೀವು ಕೊಟ್ಟ ನಂಬರಿಗೆ ಎರಡು ಸಲ ಮಾಡಿದೆ, ಸಿಗಲಿಲ್ಲ. ಮೊದಲ ಬಸ್ಸಿನಲ್ಲೇ ಬನ್ನಿ. ಜೊತೆಗೆ ಯಾರಾದರೂ ಸಿಕ್ಕರೆ ಮಂಪರಿನಲ್ಲಿ, ಸಿಗದಿದ್ದರೆ ಸ್ಪ್ರೇಯಲ್ಲಿ ಮಾಡಿಸೋಣ. ನಿಮ್ಮ ಹೆಸರು ಬುಕ್ಕಿನಲ್ಲಿ ಮೇಲೆಯೇ ಬರೆದಿಟ್ಟಿದ್ದೇನೆ.

ಇಂತಿ,
ಕೌಂಟರಿನಿಂದ, ಕ್ಲಿನಿಕ್‌ನ ಎಲ್ಲರ ಪರವಾಗಿ
ಚಿಕ್ಕಮಗಳೂರು